ಕತ್ತಿಗೆ ಹತ್ತಿದ ಕೆಂಪು

ಬಟ್ಯ ಮೂರನೇ ಲ್ಯಾಬಿನ ಬಾಗಿಲಲ್ಲಿ ಕವುಚಿ ಬಿದ್ದಿದ್ದ. ತಲೆಯ ಹಿಂಬದಿ ಒಡೆದಿತ್ತು. ನೆಲದಲ್ಲಿ ಅಂಗೈಯಗಲ ನೆತ್ತರು. ಗುಡಿಸಲು ತಂದು ಕೈಯಿಂದ ಜಾರಿದ ಹಿಡಿಸೂಡಿ ಪಕ್ಕದಲ್ಲೇ ಇತ್ತು. ಒಳಗೆ, ಉದ್ದ ಮೇಜಿನ ಅಂಚಿನಲ್ಲಿ, ಒಂದು ಸಣ್ಣ ಕಬ್ಬಿಣದ ಕತ್ತಿ. ಅದರ ಅಲಗು ಅರ್ಧದವರೆಗೆ ಕೆಂಪು.

ಕುಂಬಳೆಯಿಂದ ಒಳಗೆ ಬಸ್ಸು ಹಿಡಿದರೆ ಸಿಗುವ ಗುಡ್ಡದ ಮೇಲೆ ಆ ಖಾಸಗಿ ವಿಶ್ವವಿದ್ಯಾಲಯ. ಅದರ ಕೆಮಿಕಲ್ ಇಂಜಿನಿಯರಿಂಗ್ ವಿಭಾಗದಲ್ಲಿ ಬಟ್ಯ ಹತ್ತೊಂಬತ್ತು ವರ್ಷದಿಂದ ಅಟೆಂಡರ್. ಅವನನ್ನು ಮೊದಲು ಕಂಡದ್ದು ಸಹಾಯಕ ಪ್ರಾಧ್ಯಾಪಕ ಉಜ್ವಲ್, ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ. ಆಂಬುಲೆನ್ಸ್ ಬಂದು ಗಾಯಾಳುವನ್ನು ಕಾಸರಗೋಡಿಗೆ ಒಯ್ದಿತು. ಒಂಬತ್ತಕ್ಕೆ ಎಸ್‌ಐ ದಮಯಂತಿ ಜೀಪಿನಿಂದ ಇಳಿದಳು.

ಮೆಟ್ಟಿಲ ಬುಡದಲ್ಲಿ ಗಾಜಿನ ಪೆಟ್ಟಿಗೆಯೊಂದಿತ್ತು. ಮೇಲೆ 'ವಿಭಾಗದ ವಾರ್ತೆ' ಎಂಬ ಫಲಕ. ಒಳಗೆ ಹನ್ನೆರಡು ಸುದ್ದಿ, ಹನ್ನೊಂದರಲ್ಲಿ ಒಬ್ಬನದೇ ಮುಖ. ವಿಭಾಗದ ಮುಖ್ಯಸ್ಥ ಡಾ. ಹರಿನಾರಾಯಣರಿಗೆ ಪುರಸ್ಕಾರ. ಡಾ. ಹರಿನಾರಾಯಣರಿಂದ ಒಂದೇ ವರ್ಷದಲ್ಲಿ ಹದಿನೆಂಟು ಪ್ರಬಂಧ. ಎಲ್ಲಕ್ಕಿಂತ ಹೊಸತು ಶುಕ್ರವಾರವಷ್ಟೇ ಅಚ್ಚಾಗಿ ಬಂದದ್ದು: 'ಮಳೆಗೂ ತೊಳೆದುಹೋಗದ ಅಡಿಕೆ ಕೊಳೆರೋಗದ ಮದ್ದು: ಡಾ. ಹರಿನಾರಾಯಣರ ಆವಿಷ್ಕಾರ.' ಆ ಚಿತ್ರದಲ್ಲಿ ಅವರ ಹೆಗಲ ಹಿಂದೆ ಒಬ್ಬ ಹುಡುಗಿಯ ಅರ್ಧ ಮುಖ ಕಾಣುತ್ತಿತ್ತು. ಇನ್ನರ್ಧವನ್ನು ಕತ್ತರಿಸಿದ್ದರು.

ದಮಯಂತಿಗೆ ಹೊಗಳಿಕೆ ಕಂಡರೆ ಮೈ ಉರಿಯುತ್ತದೆ. ಅದು ಅವಳ ಹುಟ್ಟುಗುಣ. ಅವಳು ಮೆಟ್ಟಿಲು ಹತ್ತಿದಳು.

ಲ್ಯಾಬಿನಲ್ಲಿ ಕಾನ್‌ಸ್ಟೆಬಲ್ ಈಶ್ವರಪ್ರಸಾದ ಕತ್ತಿಯನ್ನು ಬೆರಳು ತೋರಿಸಿ ಹೇಳಿದ.

"ಚುಚ್ಚಿದ್ದು ಇದರಲ್ಲೇ ಮೇಡಂ. ರಕ್ತ ನೋಡಿ."

"ಬಟ್ಯನ ಮೈಯಲ್ಲಿ ಚುಚ್ಚಿದ ಗಾಯ ಉಂಟಾ?"

"ಇಲ್ಲ. ತಲೆಗೆ ಮಾತ್ರ. ಅಗೋ, ಆ ಸ್ಟ್ಯಾಂಡಿನ ಸರಳಲ್ಲಿ ಬಡಿದದ್ದು. ಕೂದಲು ಅಂಟಿದೆ."

"ಮತ್ತೆ ಈ ರಕ್ತ ಯಾರದ್ದು?"

ದಮಯಂತಿ ಬಗ್ಗಿ ನೋಡಿದಳು. ನೆಲದ ನೆತ್ತರಿಗೆ ಆಗಲೇ ನೊಣ ಮುತ್ತಿದ್ದವು. ಕತ್ತಿಯ ಮೇಲೆ ಒಂದೂ ಇರಲಿಲ್ಲ. ನೆಲದ ನೆತ್ತರು ಒಣಗಿ ಕಂದಿತ್ತು. ಕತ್ತಿಯ ಕೆಂಪು ಮಾತ್ರ ಈಗ ತಾನೇ ಹುಣಸೆಹುಳಿ ಹಾಕಿ ತಿಕ್ಕಿದ ತಾಮ್ರದ ಚೆಂಬಿನ ಹಾಗೆ ಹೊಳೆಯುತ್ತಿತ್ತು.

ಅವಳು ಕತ್ತಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ಕಂಡದ್ದನ್ನೆಲ್ಲ ಕೂಡಲೇ ಬಾಯಿಬಿಟ್ಟರೆ ಪೊಲೀಸಿಗೂ ಪತ್ರಿಕೆಗೂ ವ್ಯತ್ಯಾಸವಿಲ್ಲ ಎಂಬುದು ಅವಳ ನಂಬಿಕೆ.

*

ಹರಿನಾರಾಯಣರು ತಮ್ಮ ಕೋಣೆಯಲ್ಲಿ ಗಡಿಯಾರ ನೋಡುತ್ತ ಕುಳಿತಿದ್ದರು. ಬಿಳಿ ಅಂಗಿ, ಚಿನ್ನದ ಕಟ್ಟಿನ ಕನ್ನಡಕ. ವರ್ಕಾಡಿಯ ದೊಡ್ಡ ಜಮೀನಿನ ಮನೆತನ. ಮಾತಿನಲ್ಲೂ ಆ ಜಮೀನು ಇಣುಕುತ್ತಿತ್ತು.

"ಹನ್ನೊಂದು ಗಂಟೆಗೆ ಹೊಸ ಮದ್ದಿನ ಪರಿಶೀಲನಾ ತಂಡ ಬರ್ತದೆ. ಅಷ್ಟರೊಳಗೆ ನಿಮ್ಮದು ಮುಗಿಸಿ."

"ನೀವು ಎಷ್ಟು ಗಂಟೆಗೆ ಬಂದಿರಿ ಸರ್?"

"ಈಗ. ನಿಮ್ಮ ಜೀಪಿನ ಹಿಂದೆಯೇ. ಸೀದಾ ವರ್ಕಾಡಿಯಿಂದ."

"ಲ್ಯಾಬಿಗೆ ಹೋಗಿದ್ರಾ?"

"ಬಾಗಿಲಿನಿಂದ ನೋಡಿದೆ. ಹುಡುಕಲಿಕ್ಕೆ ಎಂತ ಉಂಟು ಇದರಲ್ಲಿ? ಕೀ ಇರುವುದು ಮೂರು. ನನ್ನ ಹತ್ತಿರ ಒಂದು, ಉಜ್ವಲ್ ಹತ್ತಿರ ಒಂದು, ಆ ಯಶ್ಮಿತಾಳ ಹತ್ತಿರ ಒಂದು. ಬೆಳಿಗ್ಗೆ ಏಳು ಗಂಟೆಗೆ ಒಳಗೆ ಇದ್ದದ್ದು ಅವಳು. ಕತ್ತಿಯಲ್ಲಿ ರಕ್ತ ಕಂಡದ್ದು ಸಾಲದಾ ನಿಮಗೆ?"

"ಯಶ್ಮಿತಾ ಯಾಕೆ ಬಟ್ಯನಿಗೆ ಹೊಡೀಬೇಕು?"

ಹರಿನಾರಾಯಣರು ಮುಂದಕ್ಕೆ ಬಾಗಿದರು. ಯಶ್ಮಿತಾ ಅವರ ಕೈಕೆಳಗೆ ನಾಲ್ಕು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದವಳು. ಅವರು ಹೇಳಿದ್ದಿಷ್ಟು. ಹೊಸ ಮದ್ದಿನ ಕಲ್ಪನೆ ತಮ್ಮದು, ಅವಳದು ಬರೇ ಕೈಕೆಲಸ. ಇವತ್ತು ತಂಡದ ಎದುರು ಪ್ರಯೋಗ ತೋರಿಸುವುದಿತ್ತು. ಅವಳ ಲೆಕ್ಕಾಚಾರವೆಲ್ಲ ಸುಳ್ಳು. ಅದು ಬಟ್ಯನಿಗೆ ಗೊತ್ತಾಗಿರಬೇಕು. ಅವನಿಗೆ ಬಡಿದು, ಕಾಣೆಯಾಗಿದೆ ಎಂದು ಈಗ ಹೇಳುತ್ತಿರುವ ನೋಟ್‌ಬುಕ್ಕನ್ನೂ ಮದ್ದಿನ ಒಂದು ಕ್ಯಾನನ್ನೂ ಅವಳೇ ಅಡಗಿಸಿ ಕಳ್ಳತನದ ನಾಟಕ ಕಟ್ಟಿದ್ದಾಳೆ.

"ಅವಳ ರಿಜಿಸ್ಟ್ರೇಷನ್ ರದ್ದು ಮಾಡುವ ಕಾಗದ ಟೈಪ್ ಆಗಿದೆ. ಹನ್ನೆರಡಕ್ಕೆ ರಿಜಿಸ್ಟ್ರಾರ್ ಸಹಿ. ನೀವು ಅರೆಸ್ಟ್ ಮಾಡಿದ್ರೆ ನಮಗೆ ಸುಲಭ."

"ಪ್ರಯೋಗ ಹೇಗೆ ಮಾಡ್ತೀರಿ ಈಗ? ಮದ್ದೇ ಹೋಯ್ತಲ್ಲ."

"ನನ್ನ ಮದ್ದು ನನ್ನ ಮನೆಯಲ್ಲೂ ಉಂಟು. ತಂದಿದ್ದೇನೆ." ಅವರು ನಕ್ಕರು. "ಅವಳ ಅಪ್ಪ ಬೋಜ ನಮ್ಮ ತೋಟದಲ್ಲೇ ಮರ ಹತ್ತುವವ. ಪಾಪ ಅಂತ ಸೀಟು ಕೊಟ್ಟದ್ದು. ನಾಯಿಗೆ ಪಲ್ಲಕ್ಕಿ ಕೊಟ್ಟ ಹಾಗೆ ಆಯ್ತು."

ದಮಯಂತಿಯ ಅಪ್ಪನೂ ಮರ ಹತ್ತಿದವನೇ. ಆದರೆ ಸಿಟ್ಟು ಸಾಕ್ಷಿಯಾಗುವುದಿಲ್ಲ. ಅವಳು ಎದ್ದಳು.

*

ಉಜ್ವಲ್‌ನ ಕೈ ಮಣಿಕಟ್ಟಿನವರೆಗೆ ನೀಲಿಯಾಗಿತ್ತು. ಈಶ್ವರಪ್ರಸಾದ ಅದನ್ನು ಕಂಡದ್ದೇ ಮೇಡಂ ಕಡೆ ಹುಬ್ಬು ಹಾರಿಸಿದ.

"ಈ ಬಣ್ಣ ಎಲ್ಲಿಂದ ಬಂತು?" ದಮಯಂತಿ ಕೇಳಿದಳು.

"ಮೈಲುತುತ್ತಿನ ಹರಳು ಬೆಳೆಸ್ತಿದ್ದೀನ್ರೀ, ಮಕ್ಕಳ ಪ್ರದರ್ಶನಕ್ಕೆ. ಅದೇ ಕೈಯಿಂದ ಕೀ ತಗದು ಮೂರನೇ ಲ್ಯಾಬಿಗೆ ಹೋದೆ. ಬಾಗಿಲು ತೆರೆದೇ ಇತ್ತು. ಬಟ್ಯ ಬಿದ್ದಿದ್ದ."

"ಅಲ್ಲಿ ನಿಮಗೆ ಎಂತ ಕೆಲಸ?"

ಅವನು ಮುಖ ಸಿಂಡರಿಸಿದ. "ಇವತ್ತಿನ ಪ್ರಯೋಗ ನೋಡ್ಬೇಕಿತ್ತು. ಹಾಳಾಗ್ಲಿ ಅಂತ ನೋಡ್ಬೇಕಿತ್ತು. ಸುಳ್ಳು ಯಾಕೆ ಹೇಳ್ಲಿ? ಹೋದ ವರ್ಷ ನನ್ನ ಪ್ರಬಂಧದಿಂದ ನನ್ನ ಹೆಸರೇ ತಗದ್ರು ಆ ಮನುಷ್ಯ. ನನ್ನ ಸಾಧನೆ ಗಾಜಿನ ಪೆಟ್ಟಿಗೇಲಿ ಅವರ ಹೆಸರಲ್ಲಿ ನೇತಾಡ್ತಿದೆ. ಈ ವಿಭಾಗದಲ್ಲಿ ಯಾರೂ ಯಾರ ಮುಖಾನೂ ನೋಡಲ್ಲ ಮೇಡಂ. ಚಹಾ ಕೂಡ ಬೇರೆ ಬೇರೆ ಕುಡೀತೀವಿ."

ಕೀ ಇದೆ. ಹಗೆ ಇದೆ. ಕೈಯಲ್ಲಿ ಮದ್ದಿನದೇ ನೀಲಿ ಇದೆ. ಈಶ್ವರಪ್ರಸಾದನ ಕೈ ಆಗಲೇ ಬೇಡಿಯ ಕಡೆಗೆ ಹೋಗುತ್ತಿತ್ತು.

ದಮಯಂತಿ ಚೀಲದಲ್ಲಿದ್ದ ಕತ್ತಿಯನ್ನು ಮೇಜಿನ ಮೇಲಿಟ್ಟಳು. "ಇದು ಎಂತ ಹೇಳಿ."

ಉಜ್ವಲ್ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ. "ರಕ್ತ. ತೆಗೀರಿ ಮೇಡಂ, ನನಗೆ ತಲೆ ತಿರುಗ್ತದೆ."

"ನಿಮ್ಮ ಊರು?"

"ಬಳ್ಳಾರಿ."

"ತೋಟಕ್ಕೆ ಮದ್ದು ಬಿಡುವುದು ಯಾವತ್ತಾದ್ರೂ ನೋಡಿದ್ದೀರಾ?"

"ಅಡಿಕೆ ಮರಾನೇ ಇಲ್ಲಿಗೆ ಬಂದ ಮೇಲೆ ನೋಡಿದ್ದು."

ಅವಳು ಕತ್ತಿ ಎತ್ತಿಕೊಂಡು ಹೊರಟಳು. ಈಶ್ವರಪ್ರಸಾದ ಹಿಂದೆಯೇ ಓಡಿ ಬಂದ.

"ಬಿಟ್ಟೇ ಬಿಟ್ರಾ ಮೇಡಂ?"

"ಬಿಟ್ಟೆ. ಹೆದರಿದ್ದು ಸುಳ್ಳಲ್ಲ. ಹಣೆಯಲ್ಲಿ ಬೆವರು ಬಂತು, ನೋಡ್ಲಿಲ್ವಾ?"

*

ಯಶ್ಮಿತಾಳನ್ನು ಲೈಬ್ರರಿಯ ಮೂಲೆಯಲ್ಲಿ ಕೂರಿಸಿದ್ದರು. ಇಪ್ಪತ್ತಾರು ವರ್ಷ. ನೆಕ್ರಾಜೆಯ ಬೋಜನ ಮಗಳು. ಅತ್ತು ಮುಗಿದ ಕಣ್ಣು. ಸುತ್ತ ಕುಳಿತವರು ಪುಸ್ತಕ ಓದುವ ನೆಪದಲ್ಲಿ ಅವಳನ್ನೇ ಓದುತ್ತಿದ್ದರು. ದಮಯಂತಿ ಅವಳನ್ನು ಎಬ್ಬಿಸಿ ಮೂರನೇ ಲ್ಯಾಬಿಗೆ ಕರೆತಂದು ಬಾಗಿಲು ಹಾಕಿದಳು.

"ಬೆಳಿಗ್ಗೆ ಎಂತ ಮಾಡಿದ್ದು, ಒಂದೊಂದಾಗಿ ಹೇಳು."

"ಏಳಕ್ಕೆ ಬಂದೆ. ಮದ್ದು ಅವತ್ತಿನದ್ದು ಅವತ್ತೇ ಕದಡಬೇಕಲ್ಲ ಮೇಡಂ. ಎರಡು ಕ್ಯಾನ್ ಮಾಡಿದೆ. ಒಂದರಲ್ಲಿ ಹಳೇ ಮದ್ದು, ಮೈಲುತುತ್ತು ಮತ್ತು ಸುಣ್ಣ. ಇನ್ನೊಂದರಲ್ಲಿ ನನ್ನದು. ಮೇಲೆ ಒಂದು, ಎರಡು ಅಂತ ನಂಬರ್ ಮಾತ್ರ. ಯಾವುದರಲ್ಲಿ ಯಾವುದು ಅಂತ ಬರೆದ ಲಕೋಟೆ ರಿಜಿಸ್ಟ್ರಾರ್ ಹತ್ತಿರ ಉಂಟು. ತಂಡದವರು ಹಾಗೇ ಕೇಳಿದ್ದು, ಮೊದಲೇ ಗೊತ್ತಿರಬಾರದು ಅಂತ."

"ನೋಡಿದ್ರೆ ಗೊತ್ತಾಗ್ತದಾ?"

"ಇಲ್ಲ. ಎರಡೂ ಒಂದೇ ನೀಲಿ ಬರುವ ಹಾಗೆ ಮಾಡಿದ್ದೆ. ಏಳೂವರೆಗೆ ಬಾಗಿಲು ಹಾಕಿ ಕ್ಯಾಂಟೀನಿಗೆ ಹೋದೆ. ಅಲ್ಲಿನ ಕಿನ್ನಿಯಕ್ಕನತ್ರ ಕೇಳಿ. ಎಂಟು ಗಂಟೆಗೆ ಅಲ್ಲಿಂದ ಎದ್ದು ಬಸ್ ಸ್ಟಾಪಿಗೆ. ಅಪ್ಪ ಬರುವವರಿದ್ದರು. ಬಸ್ಸು ಬರ್ಲಿಲ್ಲ. ಯಾರೂ ನನ್ನ ನೋಡ್ಲಿಲ್ಲ."

ಮೇಜಿನ ಮೇಲೆ ಉಳಿದಿದ್ದ ಬಿಳಿ ಕ್ಯಾನಿನ ಮೇಲೆ ಎರಡು ಎಂದಿತ್ತು. ದಮಯಂತಿ ಅದನ್ನು ತೋರಿಸಿದಳು.

"ಕಳ್ಳ ಒಯ್ದದ್ದು ನಂಬರ್ ಒಂದು. ಅದರಲ್ಲಿ ಇದ್ದದ್ದು ಯಾವ ಮದ್ದು?"

ಯಶ್ಮಿತಾ ತಡವರಿಸಿದಳು. "ಹಳೇದ್ದು ಮೇಡಂ. ನನ್ನದು ಇಲ್ಲೇ ಉಂಟು. ಹೇಳ್ಲಿಕ್ಕೆ ಹೆದರಿಕೆ ಆಯ್ತು. ನಾನೇ ನಾಟಕ ಮಾಡಿದ್ದು ಅಂತಾರಲ್ಲ."

"ನಾಟಕ ಮಾಡುವವಳು ಸರಿಯಾದ್ದನ್ನು ಎದುರೇ ಇಟ್ಟು ಬೇಡದ್ದನ್ನು ಅಡಗಿಸ್ತಾಳಾ?"

ದಮಯಂತಿ ಬಾಲ್ಯದಲ್ಲಿ ಎಷ್ಟೋ ಸಲ ಮಾಡಿದ ಕೆಲಸವೊಂದನ್ನು ಈಗ ಮಾಡಿದಳು. ಈಶ್ವರಪ್ರಸಾದನ ಜೇಬಿನಿಂದ ಅಡಿಕೆ ಕೆರೆಯುವ ಕಬ್ಬಿಣದ ಕತ್ತಿ ಈಸಿಕೊಂಡು ಎರಡನೇ ನಂಬರಿನ ಕ್ಯಾನಿಗೆ ಅದ್ದಿ, ಒಂದು ನಿಮಿಷ ಬಿಟ್ಟು ತೆಗೆದಳು. ಅಲಗು ಅರ್ಧದವರೆಗೆ ಕೆಂಪು. ತಾಮ್ರದ ಕೆಂಪು.

"ಇದು ಹಾಳಾಗಿದೆ," ಎಂದಳು. "ಸುಣ್ಣ ಸಾಲದು. ಗೊನೆ ಸುಟ್ಟು ಹೋಗ್ತದೆ."

ಯಶ್ಮಿತಾ ಅಷ್ಟು ಹೊತ್ತಿನಲ್ಲಿ ಮೊದಲ ಸಲ ತಲೆ ಎತ್ತಿ ನೇರ ನೋಡಿದಳು. "ಅಲ್ಲ ಮೇಡಂ. ಸರಿಯೇ ಉಂಟು. ಹಾಗೇ ಆಗಬೇಕು. ನೋಟ್‌ಬುಕ್ಕಿನ ಒಂದನೇ ಪುಟದಲ್ಲೇ ಬರೆದಿದ್ದೇನೆ."

ಅವಳು ಹೇಳಿದಳು. ದಮಯಂತಿ ಮಧ್ಯೆ ಬಾಯಿ ಹಾಕದೆ ಕೇಳಿದಳು. ಕೇಳುತ್ತ ಕೇಳುತ್ತ ಅವಳಿಗೆ ಕಳ್ಳನ ಮುಖ ಕಂಡಿತು, ಕನ್ನಡಕ ಸಮೇತ.

*

ಹತ್ತೂವರೆಗೆ ಆಸ್ಪತ್ರೆಯಿಂದ ಫೋನು. ಬಟ್ಯನಿಗೆ ಎಚ್ಚರವಾಗಿತ್ತು. ಹೊಡೆದವನನ್ನು ಅವನು ನೋಡಿರಲಿಲ್ಲ.

"ಬಾಗಿಲು ತೆರೆದಿತ್ತು ಮೇಡಂ. ಯಶ್ಮಿತಕ್ಕ ಇದ್ದಾರೆ ಅಂತ ಗುಡಿಸ್ಲಿಕ್ಕೆ ಹೋದೆ. ಹಿಂದಿನಿಂದ ಬಿತ್ತು ಪೆಟ್ಟು."

"ಅಲ್ಲಿ ಇದ್ದ ಕತ್ತಿ ನಿನ್ನದಾ?"

"ನನ್ನದೇ. ಪ್ಯಾಕೆಟ್ ಕತ್ತರಿಸುವುದು. ಮೇಜಿನ ಖಾನೆಯಲ್ಲಿ ಇಟ್ಟಿರ್ತೇನೆ. ಇವತ್ತು ನಾನು ಅದನ್ನು ಮುಟ್ಟಿಯೇ ಇಲ್ಲ."

ದಮಯಂತಿ ಫೋನು ಇಟ್ಟಳು. ಓಣಿಯ ಕ್ಯಾಮೆರಾ ಸಿಡಿಲಿಗೆ ಸತ್ತು ವರ್ಷವಾಗಿತ್ತು. ಬೆರಳ ಗುರುತು ಸಿಗುವಂತಿರಲಿಲ್ಲ. ಲ್ಯಾಬಿನಲ್ಲಿ ಕೈಗವಸಿನ ಪೆಟ್ಟಿಗೆಯೇ ತೆರೆದಿತ್ತು. ಮುಖ್ಯಸ್ಥರ ಕಾರಿನ ಸಮಯವನ್ನು ಗೇಟಿನವ ಬರೆಯುವುದಿಲ್ಲ. ಉಳಿದದ್ದು ಒಂದೇ ದಾರಿ. ಆ ಮನುಷ್ಯನ ಬಾಯಿಯಿಂದಲೇ, ನಾಲ್ಕು ಜನರ ಎದುರು, ಅದನ್ನು ಹೇಳಿಸಬೇಕು. ಒಬ್ಬ ಹೊಗಳಿಕೆಪ್ರಿಯನನ್ನು ಮಾತಾಡಿಸುವುದು ಕಷ್ಟವೇ?

*

ಸೆಮಿನಾರ್ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಪರಿಶೀಲನಾ ತಂಡದ ಮೂವರು. ಅವರ ಹಿರಿಯ ಮಹಾಬಲ, ಸ್ವತಃ ಬೆಳೆಗಾರ, ಬಾಯಿತುಂಬ ಎಲೆಯಡಿಕೆ. ಯಶ್ಮಿತಾ ಹಿಂದಿನ ಬಾಗಿಲಲ್ಲಿ ಈಶ್ವರಪ್ರಸಾದನ ಪಕ್ಕ ನಿಂತಿದ್ದಳು. ಜನ ಅವಳನ್ನು ಕಳ್ಳಿಯನ್ನು ನೋಡುವಂತೆ ತಿರುತಿರುಗಿ ನೋಡುತ್ತಿದ್ದರು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಳ್ಳುವುದು ಹೊಸತಲ್ಲ. ಇಲ್ಲಿ ಆ ಹಾವಿಗೆ ಮೈಕು ಬೇರೆ ಕೊಟ್ಟಿದ್ದರು.

"ಎಂಟು ವರ್ಷದ ನನ್ನ ತಪಸ್ಸು," ಎಂದರು ಹರಿನಾರಾಯಣರು. ಮೇಜಿನ ಮೇಲೆ ಬಿಳಿ ಕ್ಯಾನು, ಅದರ ಮೇಲೆ ಹೊಸ ಲೇಬಲ್. "ಒಬ್ಬ ವಿದ್ಯಾರ್ಥಿನಿಯ ದ್ರೋಹದಿಂದ ಇದು ನಿಲ್ಲುವುದಿಲ್ಲ."

ಚಪ್ಪಾಳೆ ಬಿತ್ತು. ಅದು ನಿಂತ ಮೇಲೆ ದಮಯಂತಿ ಎದ್ದು ನಿಂತಳು.

"ಸರ್, ನಾನೂ ತೋಟದ ಕಡೆಯವಳು. ಒಂದು ಸಂಶಯ. ಮದ್ದು ಹದಕ್ಕೆ ಬಂದಿದೆ ಅಂತ ಹೇಗೆ ನೋಡುವುದು?"

ಹರಿನಾರಾಯಣರ ಮುಖ ಅರಳಿತು. "ಯಂತ್ರ ಎಷ್ಟೇ ಇರಲಿ, ನಮ್ಮ ಹಿರಿಯರ ಕ್ರಮವೇ ಕ್ರಮ. ಕಬ್ಬಿಣದ ಕತ್ತಿ ಅದ್ದಬೇಕು. ಕೆಂಪಾಗದಿದ್ರೆ ಮದ್ದು ಸರಿ. ಕೆಂಪಾದ್ರೆ ಅದು ಬಿಸಾಡುವ ಮದ್ದು. ನಾನು ಈಗಲೂ ಹಾಗೆಯೇ ನೋಡುವುದು."

"ಈ ಹೊಸ ಮದ್ದಿಗೂ ಅದೇ ಲೆಕ್ಕವಾ?"

"ಹೊಸತಾದ್ರೂ ಹಳೇದಾದ್ರೂ ಅದೇ. ತೋಟದಲ್ಲಿ ಹುಟ್ಟಿದ ಮಕ್ಕಳಿಗೆ ಗೊತ್ತಿರುವುದು."

"ಈ ಕ್ಯಾನಿನದ್ದು ನೋಡಿ ತಂದದ್ದಾ?"

"ನೋಡದೆ ತರ್ತೇನಾ? ಕೊಡಿ ಇಲ್ಲಿ ಒಂದು ಕತ್ತಿ."

ಅವರೇ ಅದ್ದಿದರು. ಒಂದು ನಿಮಿಷ ಕಾದು ಮೇಲೆತ್ತಿದರು. ಕತ್ತಿ ಹೇಗಿತ್ತೋ ಹಾಗೇ ಇತ್ತು. ಮತ್ತೆ ಚಪ್ಪಾಳೆ.

ದಮಯಂತಿ ಕೈಸನ್ನೆ ಮಾಡಿದಳು. ಯಶ್ಮಿತಾ ಎರಡನೇ ನಂಬರಿನ ಕ್ಯಾನು ಹಿಡಿದು ಮುಂದೆ ಬಂದಳು. ಇನ್ನೊಂದು ಕತ್ತಿ ಅದ್ದಿದಳು, ತೆಗೆದಳು. ಕೆಂಪು.

"ನೋಡಿದಿರಾ?" ಹರಿನಾರಾಯಣರು ಮೈಕಿನಲ್ಲೇ ಕೂಗಿದರು. "ಹಾಳು ಮದ್ದು. ಅದಕ್ಕೇ ನಾನು ಅದನ್ನು..."

ಮಾತು ಅರ್ಧಕ್ಕೆ ನಿಂತಿತು.

"ಅದಕ್ಕೇ ಎಂತ ಸರ್?" ದಮಯಂತಿ ಕೇಳಿದಳು. "ಅದಕ್ಕೇ ನೀವು ಅದನ್ನು ಅಲ್ಲೇ ಬಿಟ್ಟಿರಿ."

ದಮಯಂತಿ ಯಶ್ಮಿತಾಳ ಕಡೆ ತಿರುಗಿದಳು. "ಹೇಳು."

"ನನ್ನ ಮದ್ದಿನಲ್ಲಿ ಪುನರ್ಪುಳಿ ಹಣ್ಣಿನ ಸಿಪ್ಪೆಯ ಸಾರ ಉಂಟು," ಎಂದಳು ಯಶ್ಮಿತಾ. "ಆ ಹುಳಿ ತಾಮ್ರವನ್ನು ಹಿಡಿದುಕೊಳ್ತದೆ. ಗೊನೆಗೆ ಸ್ವಲ್ಪ ಸ್ವಲ್ಪವೇ ಬಿಡ್ತದೆ, ಅದಕ್ಕೇ ಸುಡುವುದಿಲ್ಲ, ಮಳೆಗೂ ಹೋಗುವುದಿಲ್ಲ. ಆದ್ರೆ ಕಬ್ಬಿಣ ಹುಳಿಗಿಂತ ಜೋರು. ಕತ್ತಿ ಅದ್ದಿದ್ರೆ ತಾಮ್ರವನ್ನು ಎಳೆದುಕೊಳ್ತದೆ. ಹಾಗಾಗಿ ಇದು ಯಾವಾಗಲೂ ಕೆಂಪೇ ಆಗುವುದು. ಮದ್ದು ಸರಿ ಇದ್ರೂ."

"ಇನ್ನು ನಾನು ಹೇಳ್ತೇನೆ," ದಮಯಂತಿ ತಂಡದ ಎದುರು ನಿಂತಳು. "ಬೆಳಿಗ್ಗೆ ಕಳ್ಳನ ಎದುರು ಎರಡು ಕ್ಯಾನು. ಯಾವುದು ಹೊಸತು ಅಂತ ಗೊತ್ತಿಲ್ಲ. ಅವ ಖಾನೆಯಿಂದ ಕತ್ತಿ ತೆಗೆದು ಎರಡಕ್ಕೂ ಅದ್ದಿದ. ಕೆಂಪಾದ್ದನ್ನು ಹಾಳು ಅಂತ ಬಿಟ್ಟ, ಕೆಂಪಾಗದ್ದನ್ನು ಎತ್ತಿದ. ಅಷ್ಟರಲ್ಲಿ ಬಟ್ಯ ಬಂದ. ಕಳ್ಳ ಬಾಗಿಲ ಹಿಂದೆ ನಿಂತು ಅವನಿಗೆ ಬಡಿದು ಓಡಿದ. ಕತ್ತಿ ಮರೆತ. ಕೀ ಇದ್ದದ್ದು ಮೂವರ ಹತ್ತಿರ. ಉಜ್ವಲ್ ಅವರಿಗೆ ಕತ್ತಿ ಅದ್ದುವ ಕ್ರಮವೇ ಗೊತ್ತಿಲ್ಲ. ಯಶ್ಮಿತಾಳಿಗೆ ಕ್ರಮವೂ ಗೊತ್ತು, ಅದು ಈ ಮದ್ದಿಗೆ ಆಗುವುದಿಲ್ಲ ಅಂತಲೂ ಗೊತ್ತು. ಅವಳು ತಪ್ಪು ಕ್ಯಾನ್ ಒಯ್ಯಲಿಕ್ಕೆ ಸಾಧ್ಯವೇ ಇಲ್ಲ. ಕ್ರಮ ಗೊತ್ತಿದ್ದು ಮದ್ದು ಗೊತ್ತಿಲ್ಲದವರು ಒಬ್ಬರೇ. ಇದನ್ನು ಕಂಡುಹಿಡಿದವರು ಅಂತ ಪೆಟ್ಟಿಗೆಯಲ್ಲಿ ಫೋಟೋ ಇರುವವರು."

"ಬಾಯಿಗೆ ಬಂದ ಹಾಗೆ..." ಹರಿನಾರಾಯಣರು ಶುರು ಮಾಡಿದರು.

"ತೋಟದಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು ಅಂದಿರಿ. ಮತ್ತೆ ಬೆಳಿಗ್ಗೆ ಈ ಕೆಂಪನ್ನು ರಕ್ತ ಅಂತ ಯಾಕೆ ಹೇಳಿದಿರಿ? ಯಶ್ಮಿತಾ, ನಿನ್ನ ಕ್ಯಾನಿಗೆ ಗುರುತು ಉಂಟಾ?"

"ಅಡಿಯಲ್ಲಿ. ಬಿಸಿ ಮೊಳೆಯಲ್ಲಿ ನಂಬರ್ ಸುಟ್ಟಿದ್ದೇನೆ. ಲೇಬಲ್ ನೆನೆದು ಹೋಗ್ತದೆ ಅಂತ."

ಮಹಾಬಲ ಎದ್ದು ಹೋಗಿ ಹರಿನಾರಾಯಣರ ಕ್ಯಾನನ್ನು ಎತ್ತಿ ಅಡಿ ನೋಡಿದರು. ಮೊಳೆಯಲ್ಲಿ ಸುಟ್ಟ ಒಂದು ಎಂಬ ಅಂಕಿ ಇತ್ತು. ಅವರು ಕಿಟಕಿಯ ಹತ್ತಿರ ಹೋಗಿ ಎಲೆಯಡಿಕೆ ಉಗಿದು ಬಂದರು. ಆಮೇಲೆ ಎರಡು ಅಡಿಕೆ ಗೊನೆಗೆ ಎರಡೂ ಮದ್ದು ಬಿಡಿಸಿ, ಒಣಗುವ ತನಕ ಕಾದು, ಪೈಪಿನಲ್ಲಿ ನೀರು ಹೊಡೆಸಿದರು. ಒಂದನೇ ನಂಬರಿನದು ತೊಳೆದು ಹೋಗುತ್ತ ಬಂತು. ಎರಡನೆಯದು ಹತ್ತು ನಿಮಿಷ ಕಳೆದರೂ ನೀಲಿಯಾಗಿಯೇ ಇತ್ತು.

ಅಷ್ಟರಲ್ಲಿ ಈಶ್ವರಪ್ರಸಾದ ಮುಖ್ಯಸ್ಥರ ಕಾರಿನ ಡಿಕ್ಕಿಯಿಂದ ನೋಟ್‌ಬುಕ್ ತಂದ. ಒಂದನೇ ಪುಟದಲ್ಲಿ, ಕೆಳಗೆ ಗೆರೆ ಎಳೆದು, ಬರೆದಿತ್ತು: ಕತ್ತಿ ಪರೀಕ್ಷೆ ಇದಕ್ಕೆ ಆಗುವುದಿಲ್ಲ. ಪಕ್ಕದಲ್ಲಿ ಹರಿನಾರಾಯಣನ ಸಹಿ, ಮೂರು ವರ್ಷ ಹಿಂದಿನ ತಾರೀಕು. ಸಹಿ ಹಾಕಿದ್ದ. ಓದಿರಲಿಲ್ಲ. ಹದಿನೆಂಟು ಪ್ರಬಂಧಕ್ಕೂ ಅವನು ಮಾಡಿದ್ದು ಅಷ್ಟೇ ಇರಬೇಕು.

*

ಅವನನ್ನು ಮೆಟ್ಟಿಲಿಳಿಸುವಾಗ ವಿಭಾಗದವರೆಲ್ಲ ಗೋಡೆಗೆ ಒತ್ತಿ ನಿಂತಿದ್ದರು. ಯಾರ ಮುಖದಲ್ಲೂ ಕನಿಕರವಿರಲಿಲ್ಲ. ಉಜ್ವಲ್ ನಕ್ಕೇಬಿಟ್ಟ. ರಿಜಿಸ್ಟ್ರಾರ್ ಟೈಪಾದ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು.

ಕೆಳಗೆ ಜೀಪಿನ ಹತ್ತಿರ ಬೋಜ ಮಗಳ ಜೊತೆ ನಿಂತಿದ್ದ. ಬಸ್ಸು ತಡವಾಗಿ ಆಗಷ್ಟೇ ಬಂದಿದ್ದ. ಐದು ವರ್ಷದ ಹಿಂದೆ, ಮೂರನೇ ಸಲದ ಮದ್ದಿಗೆ ಹತ್ತಿದಾಗ, ಪಾಚಿ ಕಟ್ಟಿದ ಮರದಿಂದ ಜಾರಿ ಅವನ ಎಡಹೆಗಲು ಮುರಿದಿತ್ತು. ಅದು ಈಗಲೂ ಒಂದು ಕಡೆ ಇಳಿದೇ ಇದೆ. ಮಳೆಗಾಲಕ್ಕೆ ಮೂರು ಸಲ ಹತ್ತುವುದನ್ನು ಒಂದು ಸಲಕ್ಕೆ ತರಬೇಕೆಂದೇ ಯಶ್ಮಿತಾ ಈ ಮದ್ದಿನ ಹಿಂದೆ ಬಿದ್ದದ್ದು.

ಹರಿನಾರಾಯಣ ಅವರನ್ನು ಕಂಡು ನಿಂತ. ಕೈಯಲ್ಲಿ ಬೇಡಿಯಿದ್ದರೂ ದನಿಯಲ್ಲಿ ಜಮೀನಿತ್ತು.

"ನಿನ್ನ ಅಪ್ಪ ಇಪ್ಪತ್ತು ವರ್ಷ ನಮ್ಮ ತೋಟದ ಅನ್ನ ತಿಂದವ. ನೆನಪಿರಲಿ."

ಬೋಜ ಅಭ್ಯಾಸಬಲದಿಂದ ತಲೆ ತಗ್ಗಿಸಿದ. ಯಶ್ಮಿತಾ ತಗ್ಗಿಸಲಿಲ್ಲ.

"ತಿಂದದ್ದು ಅವರು ಹತ್ತಿದ ಮರದ್ದು ಸರ್. ಈ ಮಳೆಗಾಲ ಅಪ್ಪ ನಿಮ್ಮ ತೋಟಕ್ಕೆ ಬರುವುದಿಲ್ಲ. ಜಾಮೀನು ಸಿಕ್ಕಿದ್ರೆ ನೀವೇ ಹತ್ತಿ ಮದ್ದು ಬಿಡಿ. ನಿಮಗೆ ಗೊತ್ತಿರುವುದು ಹಳೇ ಮದ್ದು ಮಾತ್ರ. ಮೂರು ಸಲ ಹತ್ತಬೇಕಾಗ್ತದೆ."

ದಮಯಂತಿ ಹರಿನಾರಾಯಣನನ್ನು ಒಳಕ್ಕೆ ಹತ್ತಿಸಿ ಜೀಪಿನ ಬಾಗಿಲು ಹಾಕಿದಳು.